ಒಂದೇ ಬದಿಯ ಮೂಗಿನಲ್ಲಿ ಕೆಟ್ಟ ವಾಸನೆ, ಅದೇ ಬದಿಯಲ್ಲಿ ಹಳೇ ರೂಟ್ ಕೆನಾಲ್ ಹಲ್ಲು. ಸಂಬಂಧ ಇದೆಯಾ?

ಹೊಳೆಸಾಲು
ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ವಯಸ್ಸು 58. ಶುಗರ್ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಮಳೆಗಾಲದಿಂದ ಎಡ ಮೂಗಿನಲ್ಲಿ ಮಾತ್ರ ಗಟ್ಟಿ ಹಳದಿ ಸಿಂಬಳ. ಬಲಗಡೆ ಏನೂ ಇಲ್ಲ. ವಾಸನೆ ಅವರಿಗೇ ಗೊತ್ತಾಗುತ್ತದೆ. ಮೊದಮೊದಲು ಮನೆಯಲ್ಲಿ ಎಲ್ಲೋ ಇಲಿ ಸತ್ತಿದೆ ಅಂತ ಅಡುಗೆಮನೆ ಅಟ್ಟದ ಪಾತ್ರೆ ಎಲ್ಲ ಕೆಳಗಿಳಿಸಿ ಹುಡುಕಿಸಿದರು. ಇಲಿ ಸಿಗಲಿಲ್ಲ. ನಮಗೆ ಯಾರಿಗೂ ವಾಸನೆ ಬರುತ್ತಿರಲಿಲ್ಲ ಬೇರೆ.

ಆಂಟಿಬಯಾಟಿಕ್ ತೆಗೆದುಕೊಂಡಾಗ ಕಮ್ಮಿಯಾಗುತ್ತದೆ. ಕೋರ್ಸ್ ಮುಗಿದು ಸ್ವಲ್ಪ ದಿನಕ್ಕೆ ಮತ್ತೆ ಶುರು. ಹಬೆ, ಸ್ಪ್ರೇ, ಉಪ್ಪುನೀರು ಎಲ್ಲ ಆಯಿತು. ಈಗ ಅತ್ತಿಗೆ ಹೇಳುತ್ತಿದ್ದಾರೆ, "ಆ ಕಡೆ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದಿರಲ್ಲ, ಅದನ್ನೂ ಒಮ್ಮೆ ತೋರಿಸಿ" ಅಂತ. ಆದರೆ ಅಮ್ಮನಿಗೆ ಹಲ್ಲುನೋವೇ ಇಲ್ಲ. ಆ ಕಡೆಯೇ ಚಕ್ಕುಲಿ ಕಡಿಯುತ್ತಾರೆ. ಸುಮ್ನೆ ದಂತವೈದ್ಯರ ಹತ್ತಿರ ಅಲೆಯೋದಾ?

ನೀಲಗಿರಿ_ಎಣ್ಣೆ
ಬಿಸಿನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ, ರಾತ್ರಿ ಮಲಗುವ ಮುಂಚೆ ಹಬೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ. ಸೈನಸ್‌ಗೆ ಹಲ್ಲು ತೆಗೆಸೋರನ್ನು ಇಲ್ಲೇ ನೋಡಿದ್ದು.

ಹಲ್ಲು_ಡಾಕ್ಟ್ರು
ಹೊಳೆಸಾಲು ಅವರೇ, ನಿಮ್ಮ ಅತ್ತಿಗೆಗೆ ಒಂದು ನಮಸ್ಕಾರ ಹೇಳಿ. ಅನೇಕ ಸಲ ನಮ್ಮ ಹತ್ತಿರ ಬರುವ ಹೊತ್ತಿಗೆ ಇಂಥ ಕೇಸ್‌ಗಳಿಗೆ ವರ್ಷ ಆಗಿರುತ್ತದೆ.

ಕೆನ್ನೆಯ ಹಿಂದೆ, ಮೇಲ್ದವಡೆಯ ಮೂಳೆಯ ಒಳಗೆ, ಕಣ್ಣಿನ ಕೆಳಗೆ, ಗಾಳಿ ತುಂಬಿದ ಒಂದು ಗೂಡು ಇದೆ. ಮ್ಯಾಕ್ಸಿಲರಿ ಸೈನಸ್ ಅಂತ ಹೆಸರು. ಮೂಗಿನ ಸುತ್ತಲಿನ ಸೈನಸ್‌ಗಳಲ್ಲಿ ಇದೇ ದೊಡ್ಡದು, ದೊಡ್ಡವರಲ್ಲಿ ಸುಮಾರು 10ರಿಂದ 15 ಮಿಲಿ ಹಿಡಿಯುವಷ್ಟು. ಅದರ ನೆಲದ ಕೆಳಗೇ ಮೇಲಿನ ದವಡೆ ಹಲ್ಲುಗಳ ಬೇರುಗಳು. ಎರಡನೇ ದವಡೆ ಹಲ್ಲಿನ ಬೇರು ಎಲ್ಲಕ್ಕಿಂತ ಹತ್ತಿರ, ಆಮೇಲೆ ಮೊದಲನೇ ದವಡೆ ಹಲ್ಲು. ಕೆಲವರಲ್ಲಿ ನಡುವೆ ಒಂದಿಷ್ಟು ಮೂಳೆ ಇರುತ್ತದೆ. ಕೆಲವರಲ್ಲಿ ಮೂಳೆಯೇ ಇರುವುದಿಲ್ಲ, ಸೈನಸ್‌ನ ಒಳಪೊರೆ ಮಾತ್ರ. ಆ ಪೊರೆ ಸುಮಾರು 1 ಮಿ.ಮೀ. ದಪ್ಪ. ಬೇರಿನ ತುದಿಯಲ್ಲಿ ಕೀವಾದರೆ ಅದಕ್ಕೆ ಸುಲಭದ ದಾರಿ ಮೇಲಕ್ಕೆ.

ಇನ್ನು ನೋವಿನ ವಿಷಯ. ರೂಟ್ ಕೆನಾಲ್ ಅಂದರೆ ಹಲ್ಲಿನೊಳಗಿನ ನರ ತೆಗೆದು, ಬೇರಿನ ಕಾಲುವೆ ಸ್ವಚ್ಛ ಮಾಡಿ ತುಂಬೋದು. ಹಾಗಾಗಿ ಆ ಹಲ್ಲಿನಲ್ಲಿ ನರ ಇರುವುದಿಲ್ಲ. ತಣ್ಣಗಿನದು, ಬಿಸಿಯದು ತಾಗಿದರೂ ಗೊತ್ತಾಗುವುದಿಲ್ಲ. ಬೇರಿನ ತುದಿಯ ಕೀವು ಮೂಳೆಯೊಳಗೆ ಸಿಕ್ಕಿಹಾಕಿಕೊಂಡರೆ ಒತ್ತಡ ಏರಿ ನೋವಾಗುತ್ತದೆ. ಇಲ್ಲಿ ಸೈನಸ್‌ಗೆ ಸೋರಿಹೋಗುತ್ತಿದ್ದರೆ ಒತ್ತಡವೇ ಇಲ್ಲ. ಹಾಗಾಗಿ ಚಕ್ಕುಲಿ ಕಡಿಯೋಕೆ ಬರುತ್ತದೆ ಅನ್ನೋದು ಹಲ್ಲು ನೆಟ್ಟಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಒಂದೇ ಬದಿ, ಕೆಟ್ಟ ವಾಸನೆ, ಔಷಧಿ ನಿಲ್ಲಿಸಿದರೆ ಮತ್ತೆ ಬರೋದು, ಅದೇ ಬದಿಯಲ್ಲಿ ಕೆಲಸ ಮಾಡಿಸಿದ ಹಲ್ಲು. ನಾಲ್ಕೂ ಕೂಡಿವೆ. ತೋರಿಸಿ.

ಮೂಗುದಾರ
ಇಎನ್‌ಟಿ (ಕಿವಿ-ಮೂಗು-ಗಂಟಲು) ಕಡೆಯಿಂದ ನನ್ನದೂ ಸೇರಿಸಿ. ಸೈನಸ್‌ನ ಕೊಳೆ ಹೊರಗೆ ಹೋಗುವ ತೂತು ಅದರ ಒಳಗೋಡೆಯಲ್ಲಿ, ಮೇಲ್ಗಡೆ ಇದೆ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಔಟ್‌ಲೆಟ್ ತಳದಲ್ಲಿ ಬಿಟ್ಟು ಮುಚ್ಚಳದ ಹತ್ತಿರ ಇಟ್ಟ ಹಾಗೆ. ಒಳಪೊರೆಯ ಸಣ್ಣ ರೋಮಗಳು ಲೋಳೆಯನ್ನು ಕೆಳಗಿಂದ ಮೇಲಕ್ಕೆ ತಳ್ಳಿ ತಳ್ಳಿ ಆ ತೂತಿನವರೆಗೆ ಒಯ್ಯಬೇಕು. ಹಲ್ಲಿನ ಕೀವು ತಳಕ್ಕೆ ಬಂದು ಬಿದ್ದರೆ ಪೊರೆ ಊದಿಕೊಳ್ಳುತ್ತದೆ, ರೋಮಗಳ ಕೆಲಸ ನಿಲ್ಲುತ್ತದೆ, ತೂತೂ ಮುಚ್ಚಿಕೊಳ್ಳುತ್ತದೆ.

ವಾಸನೆಗೂ ಕಾರಣ ಇದೆ. ಮಾಮೂಲಿ ನೆಗಡಿಯ ಸೈನಸೈಟಿಸ್‌ನಲ್ಲಿ ಸಿಗುವ ಬ್ಯಾಕ್ಟೀರಿಯಾ ಬೇರೆ. ಹಲ್ಲಿನಿಂದ ಬಂದದ್ದರಲ್ಲಿ ಆಮ್ಲಜನಕ ಇಲ್ಲದೆ ಬದುಕುವ ಪ್ರೆವೊಟೆಲ್ಲಾ, ಫ್ಯೂಸೊಬ್ಯಾಕ್ಟೀರಿಯಂ ಥರದವು ಜಾಸ್ತಿ. ಅವು ಇದ್ದಲ್ಲಿ ನಾತ ಇರುತ್ತದೆ. ಸತ್ತ ಇಲಿ ಅಂತ ಅಮ್ಮ ಹೇಳಿದ್ದು ತಮಾಷೆಯಲ್ಲ, ರೋಗಿಗಳು ಹೆಚ್ಚುಕಮ್ಮಿ ಹಾಗೇ ಹೇಳೋದು.

ನೀಲಗಿರಿ ಎಣ್ಣೆ ಅವರೇ, ಹಬೆಯಿಂದ ಮೂಗು ಸ್ವಲ್ಪ ಹಗುರ ಅನಿಸುತ್ತದೆ, ನಿಜ. ಬೇರಿನ ತುದಿಯ ಕೀವಿಗೆ ಅದು ಏನೂ ಮಾಡಲ್ಲ.

ಹೊಳೆಸಾಲು
ಇಬ್ಬರಿಗೂ ಧನ್ಯವಾದ. ಆದರೆ ಅಮ್ಮನಿಗೆ ಹೋದ ವರ್ಷ ಆ ಹಲ್ಲಿನ ಎಕ್ಸ್‌ರೇ ತೆಗೆದಿದ್ದರು. ಚಿಕ್ಕ ಫಿಲ್ಮ್. "ಚೆನ್ನಾಗಿದೆ" ಅಂದಿದ್ದರು. ಮತ್ತೆ ತೆಗೆಸಬೇಕಾ?

ಎಕ್ಸ್‌ರೇ_ಕಿಟ್ಟಿ
ನಾನು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಟೆಕ್ನಿಷಿಯನ್. ಈ ಪ್ರಶ್ನೆಗೆ ನಾನು ಹೇಳಬಹುದು ಅನಿಸುತ್ತದೆ.

ಚಿಕ್ಕ ಫಿಲ್ಮ್‌ನಲ್ಲಿ ಮೇಲಿನ ದವಡೆ ಹಲ್ಲಿನ ಬೇರಿನ ಮೇಲೆ ಕೆನ್ನೆ ಮೂಳೆಯ ನೆರಳು ಬೀಳುತ್ತದೆ. ಸೈನಸ್‌ನ ನೆಲದ ಗೆರೆ ಅಡ್ಡ ಹಾಯುತ್ತದೆ. ಮೂರು ಬೇರು ಒಂದರ ಮೇಲೊಂದು. ಬೇರಿನ ತುದಿಯಲ್ಲಿ ಮೂಳೆ ಕರಗಿದ್ದರೂ ಅದು ಈ ಗೋಜಲಿನಲ್ಲಿ ಅಡಗಿಬಿಡುತ್ತದೆ. ಒಪಿಜಿ ಅನ್ನುವ ದೊಡ್ಡ ಎಕ್ಸ್‌ರೇಯಲ್ಲಿ ಎರಡೂ ದವಡೆ ಒಟ್ಟಿಗೆ ಕಾಣುತ್ತವೆ, ಅದೂ ಚಪ್ಪಟೆ ಚಿತ್ರವೇ. ಸಿಬಿಸಿಟಿ, ಅಂದರೆ ಹಲ್ಲು-ದವಡೆಯ 3ಡಿ ಸ್ಕ್ಯಾನ್ ತೆಗೆದರೆ ಪದರ ಪದರವಾಗಿ, ಪ್ರತಿ ಬೇರನ್ನೂ ಬೇರೆಯಾಗಿ ನೋಡಬಹುದು. ಪೊರೆ ಎಲ್ಲಿ ಊದಿದೆ, ಯಾವ ಬೇರಿನ ಮೇಲೆ ಊದಿದೆ, ನೆಲದ ಮೂಳೆ ಎಲ್ಲಿ ತೂತಾಗಿದೆ, ಎಲ್ಲ.

ಇಎನ್‌ಟಿಯವರು ಮಾಮೂಲಿ ಸೈನಸ್ ಸಿಟಿ ಬರೆದರೆ ಚೀಟಿಯಲ್ಲಿ "ಮೇಲಿನ ಹಲ್ಲುಗಳ ಬೇರು ಪೂರ್ತಿ ಬರಲಿ, ಹಲ್ಲಿನ ಬಗ್ಗೆಯೂ ರಿಪೋರ್ಟ್ ಬೇಕು" ಅಂತ ಬರೆಸಿಕೊಳ್ಳಿ. ಕೇಳದೇ ಇದ್ದರೆ ಸೈನಸ್ ಬಗ್ಗೆ ಅರ್ಧ ಪುಟ ಬರುತ್ತದೆ, ಹಲ್ಲಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತವರಿಗೆ ನಿಮ್ಮ ಅಮ್ಮನ ಕ್ಯಾಪ್ ವಿಷಯ ಗೊತ್ತಿರಲ್ಲ. ಹಾಂ, ಲೋಹದ ಕ್ಯಾಪ್ ಇದ್ದರೆ ಅದರ ಸುತ್ತ ಬಿಳಿ ಗೆರೆಗಳು ಬಂದು ಚಿತ್ರ ಕೆಡುತ್ತದೆ. ಆದರೆ ಬೇರಿನ ತುದಿ ಮೇಲಿರುವುದರಿಂದ ಅದು ಸಾಮಾನ್ಯವಾಗಿ ಕಾಣುತ್ತದೆ.

ಅನುಮಾನದ_ಅಪ್ಪಣ್ಣ
ಇದೊಂದು ಹೊಸ ದಂಧೆ ಅನಿಸುತ್ತದೆ ಗುರು. ಮೊದಲು ನೆಗಡಿ ಅಂದರೆ ನೆಗಡಿ. ಈಗ ಸಿಬಿಸಿಟಿ ಮೆಷಿನ್ ತಂದಿದ್ದಾರೆ, ಅದರ ಸಾಲ ತೀರಬೇಕಲ್ಲ.

ಹಲ್ಲು_ಡಾಕ್ಟ್ರು
ಅಪ್ಪಣ್ಣ, ದಂಧೆ ಎಲ್ಲ ಕಡೆ ಇದೆ, ಇಲ್ಲ ಅನ್ನಲ್ಲ. ಆದರೆ ಈ ವಿಷಯ ಹೊಸದಂತೂ ಅಲ್ಲ. 1489ರಲ್ಲಿ ಲಿಯೊನಾರ್ಡೊ ಡ ವಿಂಚಿ ತಲೆಬುರುಡೆ ಸೀಳಿ ಈ ಗೂಡಿನ ಚಿತ್ರ ಬರೆದಿದ್ದಾನೆ. 1651ರಲ್ಲಿ ನಥಾನಿಯಲ್ ಹೈಮೋರ್ ಅನ್ನುವ ಇಂಗ್ಲಿಷ್ ವೈದ್ಯ ಇದನ್ನು ವಿವರಿಸಿ ಬರೆದ. ಅವನ ಹತ್ತಿರ ಬಂದ ಒಬ್ಬ ಹೆಂಗಸಿಗೆ ಮೇಲಿನ ಕೋರೆಹಲ್ಲು ಕಿತ್ತ ಮೇಲೆ ಆ ಕುಳಿಯಿಂದ ಸತತವಾಗಿ ಸೋರುತ್ತಿತ್ತಂತೆ. ಆಕೆ ಹಕ್ಕಿಯ ಗರಿಯ ಕಡ್ಡಿ ತೂರಿಸಿ ನೋಡಿದರೆ ಅದು ಒಳಗೆ ಹೋಗುತ್ತಲೇ ಇದೆ. ಮೆದುಳಿಗೇ ಹೋಯಿತು ಅಂತ ಹೆದರಿ ವೈದ್ಯನ ಹತ್ತಿರ ಓಡಿ ಬಂದಳು. ಹೈಮೋರ್ ಈ ಗೂಡು ಹೇಗಿದೆ ಅಂತ ತಿಳಿಸಿ ಸಮಾಧಾನ ಮಾಡಿದ. ಇವತ್ತಿಗೂ ಅದಕ್ಕೆ ಹೈಮೋರನ ಹೆಸರು ಅಂಟಿಕೊಂಡಿದೆ. ಆಗ ಸಿಬಿಸಿಟಿ ಸಾಲ ಯಾರಿಗೂ ಇರಲಿಲ್ಲ.

ಹೊಸದು ಏನೆಂದರೆ ಎಣಿಕೆ. ಹಳೇ ಪಠ್ಯಪುಸ್ತಕಗಳಲ್ಲಿ ಮ್ಯಾಕ್ಸಿಲರಿ ಸೈನಸೈಟಿಸ್‌ನ 10–12% ಮಾತ್ರ ಹಲ್ಲಿನಿಂದ ಅಂತ ಇರುತ್ತಿತ್ತು. ಸಿಟಿ ಬಂದ ಮೇಲಿನ ಅಧ್ಯಯನಗಳಲ್ಲಿ ಇದು 40%ವರೆಗೂ ಹೋಗಿದೆ. ಒಂದೇ ಬದಿ ಆಗಿರುವವರನ್ನಷ್ಟೇ ತೆಗೆದುಕೊಂಡರೆ ಇನ್ನೂ ಜಾಸ್ತಿ. ರೋಗ ಹೆಚ್ಚಾಯಿತು ಅಂತಲ್ಲ, ಮೊದಲು ಕಾಣುತ್ತಿರಲಿಲ್ಲ. 2018ರಲ್ಲಿ ಅಮೆರಿಕದ ರೂಟ್ ಕೆನಾಲ್ ತಜ್ಞರ ಸಂಘ ಇದರ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಿತು.

ಮೂಗುದಾರ
ಅಪ್ಪಣ್ಣನ ಅನುಮಾನದಲ್ಲಿ ಅರ್ಧ ಸತ್ಯ ಇದೆ ಅಂತ ನಾನು ಹೇಳುತ್ತೇನೆ, ಹಲ್ಲು ಡಾಕ್ಟ್ರು ಬೇಜಾರು ಮಾಡಿಕೊಳ್ಳಬಾರದು. ಸ್ಕ್ಯಾನ್‌ನಲ್ಲಿ ಪೊರೆ 2 ಮಿ.ಮೀ.ಗಿಂತ ದಪ್ಪ ಕಂಡರೆ "ಅಸಹಜ" ಅಂತ ಬರೆಯುತ್ತಾರೆ. ಏನೂ ತೊಂದರೆ ಇಲ್ಲದ ಎಷ್ಟೋ ಜನರಲ್ಲಿ ಅಷ್ಟು ದಪ್ಪ ಇರುತ್ತದೆ. ಅಲರ್ಜಿ ಇದ್ದವರಲ್ಲಿ, ಸಿಗರೇಟ್ ಸೇದುವವರಲ್ಲಿ ಸಹ. ರಿಪೋರ್ಟ್ ಹಿಡಿದುಕೊಂಡು ಸೈನಸೈಟಿಸ್ ಅಂತ ಹೆದರೋದು ಬೇಡ. ಇನ್ನೊಂದು, ಸೈನಸ್ ನೆಲದಲ್ಲಿ ಗುಂಡಗೆ ಎದ್ದ ನೆರಳು. ರಿಟೆನ್ಷನ್ ಸಿಸ್ಟ್ ಅಂತಾರೆ. ಹೆಚ್ಚಿನ ಪಾಲು ಅದರ ಪಾಡಿಗೆ ಅದು ಇರುತ್ತದೆ, ಏನೂ ಮಾಡಬೇಕಿಲ್ಲ.

ಹಲ್ಲಿನ ಕಾಯಿಲೆ ಇದೆ, ಅದರ ನೇರ ಮೇಲೆ ಪೊರೆ ಊದಿದೆ, ಜೊತೆಗೆ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಹಾಕಿ ನೋಡಿದರೆ ಮೂಗಿನ ನಡುಭಾಗದಲ್ಲಿ ಕೀವು ಇಳಿಯುತ್ತಿದೆ. ಮೂರೂ ಇದ್ದರೆ ನಾನು ಹಲ್ಲಿನಿಂದ ಬಂದದ್ದು ಅಂತ ಒಪ್ಪುತ್ತೇನೆ.

ಹಲ್ಲು_ಡಾಕ್ಟ್ರು
ಬೇಜಾರು ಯಾಕೆ, ಒಪ್ಪಿದೆ. ಒಂದು ಮಾತ್ರ: ಎಂಡೋಸ್ಕೋಪ್‌ನಲ್ಲಿ ಕೀವು ಕಾಣುವವರೆಗೆ ಹಲ್ಲು ಕಾಯಬೇಕಿಲ್ಲ. ಬೇರಿನ ತುದಿಯಲ್ಲಿ ಸೋಂಕು ಇದ್ದರೆ ಸೈನಸ್ ಹೇಗೇ ಇರಲಿ, ಅದಕ್ಕೆ ಚಿಕಿತ್ಸೆ ಬೇಕು.

ಕರಾವಳಿ_ಅಕ್ಕ
ನನ್ನದು ಉಲ್ಟಾ ಕಥೆ. ಮೇಲಿನ ಬಲಗಡೆ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತಿದ್ದವು. ಯಾವುದು ಅಂತ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದರೆ ಹಲ್ಲು ಉದುರಿ ನೆಲಕ್ಕೆ ಬೀಳುತ್ತದೇನೋ ಅನಿಸುವಷ್ಟು ಭಾರ. ನನ್ನ ಹಟಕ್ಕೆ ಒಂದು ಕಡೆ ಒಂದು ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಆಮೇಲೆ ನೋಡಿದರೆ ಜೋರು ನೆಗಡಿಯ ಸೈನಸ್. ಅದು ವಾಸಿಯಾದ ಮೇಲೆ ಉಳಿದ ಹಲ್ಲುಗಳ ನೋವೂ ಹೋಯಿತು. ಕಿತ್ತ ಹಲ್ಲು ಹೋದದ್ದು ಹೋಯಿತು.

ಹಲ್ಲು_ಡಾಕ್ಟ್ರು
ಅಕ್ಕ, ಇದು ಮುಖ್ಯವಾದ ಮಾತು. ಮೇಲಿನ ಹಿಂದಿನ ಹಲ್ಲುಗಳಿಗೆ ಹೋಗುವ ನರಗಳು ಸೈನಸ್ ಗೋಡೆಯಲ್ಲೇ ಹಾದುಹೋಗುತ್ತವೆ. ಸೈನಸ್ ಊದಿಕೊಂಡರೆ ಹಲ್ಲು ನೋಯುತ್ತದೆ, ಹಲ್ಲಿನಲ್ಲಿ ತಪ್ಪೇನೂ ಇರುವುದಿಲ್ಲ. ಸಾಲಾಗಿ ಮೂರ್ನಾಲ್ಕು ಹಲ್ಲು ನೋವು, ಬಗ್ಗಿದರೆ ಜಾಸ್ತಿ, ಮೆಟ್ಟಿಲಿಳಿಯುವಾಗ ಒಂದೊಂದು ಹೆಜ್ಜೆಗೂ ಗೊತ್ತಾಗೋದು, ಎರಡು ದಿನ ಹಿಂದೆ ನೆಗಡಿ ಆಗಿರೋದು: ಇದು ಸೈನಸ್ ಕಡೆ ಬೆರಳು ತೋರಿಸುತ್ತದೆ. ಹಲ್ಲಿನದಾದರೆ ಸಾಮಾನ್ಯವಾಗಿ ಒಂದು ಹಲ್ಲು. ನಾವು ಪ್ರತಿ ಹಲ್ಲಿಗೂ ತಣ್ಣನೆಯ ಹತ್ತಿ ತಾಗಿಸಿ ನರ ಜೀವಂತ ಇದೆಯಾ ನೋಡುತ್ತೇವೆ. ಎಲ್ಲ ಹಲ್ಲೂ "ಚುರ್" ಅಂದರೆ ಡ್ರಿಲ್ ಎತ್ತಬಾರದು. ರೋಗಿ ಹಟ ಹಿಡಿದರೂ ಎತ್ತಬಾರದು.

ಧಾರವಾಡ_ಪೇಢೆ
ನಮ್ಮ ಮಾವನವರದು ಮತ್ತೊಂದು ಥರ. ಮೇಲಿನ ದವಡೆ ಹಲ್ಲು ಕೀಳಿಸಿದ ಮರುದಿನ ಚಹಾ ಕುಡಿದರೆ ಮೂಗಿನಿಂದ ಚಹಾ ಬಂತು ರೀ. ಮನೆಮಂದಿ ಎಲ್ಲ ಗಾಬರಿ. ಹಲ್ಲು ಕಿತ್ತವರು "ತಾನಾಗೇ ಮುಚ್ಚುತ್ತೆ" ಅಂತ ಕಳಿಸಿಬಿಟ್ಟರು. ಮುಚ್ಚಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮೂಗಿನಲ್ಲಿ ಕೀವು ಬೇರೆ. ಕೊನೆಗೆ ಡೆಂಟಲ್ ಕಾಲೇಜಿನಲ್ಲಿ ಕೆನ್ನೆಯ ಒಳಗಿನ ಚರ್ಮ ಎಳೆದು ಹೊಲಿಗೆ ಹಾಕಿದರು. ಈಗ ಆರಾಮ. ಇದು ಎಲ್ಲರಿಗೂ ಆಗುತ್ತದಾ?

ಹಲ್ಲು_ಡಾಕ್ಟ್ರು
ಎಲ್ಲರಿಗೂ ಇಲ್ಲ. ಬೇರು ಸೈನಸ್‌ನೊಳಗೆ ಚಾಚಿದ್ದರೆ ಕೀಳುವಾಗ ನೆಲ ಒಡೆದು ಬಾಯಿಗೂ ಸೈನಸ್‌ಗೂ ದಾರಿ ಆಗಬಹುದು. ತೂತು ಚಿಕ್ಕದಿದ್ದರೆ, ಅಂದರೆ 2 ಮಿ.ಮೀ. ಸುಮಾರು, ರಕ್ತ ಹೆಪ್ಪುಗಟ್ಟಿ ತಾನೇ ಮುಚ್ಚುತ್ತದೆ. 5 ಮಿ.ಮೀ.ಗಿಂತ ದೊಡ್ಡದಾದರೆ ಹೊಲಿದು ಮುಚ್ಚಬೇಕು. ಮಾವನವರಿಗೆ ಮಾಡಿದ್ದು 1936ರಲ್ಲಿ ರೆಹ್ರ್‌ಮನ್ ಅನ್ನುವವರು ವಿವರಿಸಿದ ವಿಧಾನ ಇರಬೇಕು, ಇವತ್ತಿಗೂ ಹೆಚ್ಚಾಗಿ ಅದನ್ನೇ ಮಾಡೋದು. ಸೈನಸ್‌ನಲ್ಲಿ ಕೀವು ಇದ್ದಾಗ ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ. ಮೊದಲು ಸೈನಸ್ ತೊಳೆದು ಸ್ವಚ್ಛ ಮಾಡಬೇಕು.

ಮೇಲಿನ ದವಡೆ ಹಲ್ಲು ಕೀಳಿಸಿದವರಿಗೆ, ತೂತಿನ ಅನುಮಾನ ಇದ್ದರೆ, ನಾವು ಹೇಳೋದು ಇಷ್ಟು: ಎರಡು ವಾರ ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಸ್ಟ್ರಾ ಹಾಕಿ ಎಳನೀರು ಕುಡಿಯಬೇಡಿ. ಸಿಗರೇಟ್, ಬೀಡಿ ಬೇಡ. ಬಲೂನ್ ಊದೋದೂ ಬೇಡ, ಮೊಮ್ಮಗನ ಹುಟ್ಟುಹಬ್ಬ ಇದ್ದರೂ.

ಮಸ್ಕತ್_ಮಂಜ
ವಿಮಾನ ಹತ್ತಬಹುದಾ? ರಜೆಗೆ ಊರಿಗೆ ಬಂದಾಗ ಹಲ್ಲು ಕೀಳಿಸಿ ನಾಲ್ಕನೇ ದಿನಕ್ಕೆ ವಾಪಸ್ ಹೋಗೋರು ನಮ್ಮಲ್ಲಿ ಜಾಸ್ತಿ.

ಹಲ್ಲು_ಡಾಕ್ಟ್ರು
ಮಾಮೂಲಿ ಕೀಳಿಸಿದ್ದಾದರೆ ತೊಂದರೆ ಇಲ್ಲ. ಸೈನಸ್ ತೆರೆದಿದೆ ಅಂತ ಗೊತ್ತಾದರೆ ಒತ್ತಡ ಬದಲಾಗುವುದರಿಂದ ಕೆಲವು ವಾರ ಮುಂದೂಡೋದು ಒಳ್ಳೇದು. ರಜೆಯ ಮೊದಲನೇ ದಿನ ಬನ್ನಿ ಮಂಜಣ್ಣ, ಕೊನೇ ದಿನ ಅಲ್ಲ.

ನಿವೃತ್ತ_ಮೇಷ್ಟ್ರು
ನನಗೆ 1986ರಲ್ಲಿ ಸೈನಸ್ ಆಪರೇಷನ್ ಆಗಿತ್ತು. ಮೇಲ್ತುಟಿಯ ಒಳಗಿನಿಂದ ಮೂಳೆ ಕೊರೆದು ಮಾಡಿದ್ದರು. ಈಗಲೂ ಆ ಕಡೆ ಕೆನ್ನೆ, ತುಟಿ ಸ್ವಲ್ಪ ಮರಗಟ್ಟಿದ ಹಾಗೆ. ಶೇವ್ ಮಾಡುವಾಗ ಗೊತ್ತಾಗುವುದಿಲ್ಲ. ಈಗಲೂ ಹೀಗೇ ಮಾಡುತ್ತಾರೆಯೇ?

ಮೂಗುದಾರ
ಮೇಷ್ಟ್ರೇ, ಅದು ಕಾಲ್ಡ್‌ವೆಲ್-ಲುಕ್ ಆಪರೇಷನ್. 1893ರಲ್ಲಿ ನ್ಯೂಯಾರ್ಕ್‌ನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್‌ನ ಲುಕ್, ಇಬ್ಬರೂ ಬೇರೆ ಬೇರೆಯಾಗಿ ವಿವರಿಸಿದ್ದು. ಕಣ್ಣಿನ ಕೆಳಗಿನಿಂದ ಬರುವ ನರಕ್ಕೆ ಪೆಟ್ಟಾದರೆ ನಿಮಗಾದ ಹಾಗೆ ಮರಗಟ್ಟುವುದು ಉಂಟು. ಈಗ ಹೆಚ್ಚಾಗಿ ಮೂಗಿನೊಳಗಿಂದಲೇ ಎಂಡೋಸ್ಕೋಪ್ ಹಾಕಿ, ಸೈನಸ್‌ನ ಸಹಜ ತೂತನ್ನು ಅಗಲ ಮಾಡಿ ಸ್ವಚ್ಛ ಮಾಡುತ್ತೇವೆ. ಹೊರಗೆ ಗಾಯ ಇಲ್ಲ. ಹಳೇ ವಿಧಾನ ಪೂರ್ತಿ ಬಿಟ್ಟಿಲ್ಲ, ಸೈನಸ್‌ನೊಳಗೆ ಬೇರಿನ ತುಂಡು ಬಿದ್ದಿದ್ದರೆ ಕೆಲವೊಮ್ಮೆ ಬೇಕಾಗುತ್ತದೆ.

ಬೀಳೋದು ಅಂದಮೇಲೆ ಇನ್ನೊಂದು ಹೇಳಿಬಿಡುತ್ತೇನೆ. ರೂಟ್ ಕೆನಾಲ್ ತುಂಬುವ ಸಾಮಗ್ರಿ ಬೇರಿನ ತುದಿ ದಾಟಿ ಸೈನಸ್‌ಗೆ ಹೋದರೆ, ಅದರಲ್ಲೂ ಜಿಂಕ್ ಇರುವಂಥದ್ದು, ಅದರ ಸುತ್ತ ಆಸ್ಪರ್ಜಿಲಸ್ ಶಿಲೀಂಧ್ರ ಉಂಡೆಗಟ್ಟಬಹುದು. ಮಾತ್ರೆಗೆ ಬಗ್ಗುವುದಿಲ್ಲ, ತೆಗೆಯಲೇಬೇಕು.

ಅನುಮಾನದ_ಅಪ್ಪಣ್ಣ
ಫಂಗಸ್ ಅಂದರೆ ಕೋವಿಡ್ ಟೈಮಿನ ಬ್ಲ್ಯಾಕ್ ಫಂಗಸ್ಸಾ? ಹೊಳೆಸಾಲು ಅಮ್ಮನಿಗೆ ಶುಗರ್ ಬೇರೆ ಇದೆ ಅಂದರಲ್ಲ.

ಮೂಗುದಾರ
ಅಲ್ಲ, ಬೇರೆ. ಈ ಉಂಡೆ ಅಲ್ಲೇ ಕೂತಿರುತ್ತದೆ, ಸಾಮಾನ್ಯವಾಗಿ ಸುತ್ತಲಿನ ಮೂಳೆಗೆ ನುಗ್ಗುವುದಿಲ್ಲ. 2021ರಲ್ಲಿ ನಾವು ನೋಡಿದ ಬ್ಲ್ಯಾಕ್ ಫಂಗಸ್ ಮ್ಯೂಕರ್ ಅನ್ನುವ ಶಿಲೀಂಧ್ರ. ರಕ್ತನಾಳಕ್ಕೇ ನುಗ್ಗುತ್ತದೆ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕಾಗಿಯೇ ವಾರ್ಡ್ ಮಾಡಿದ್ದು ನೆನಪಿರಬಹುದು. ಹತೋಟಿ ಇಲ್ಲದ ಶುಗರ್, ಸ್ಟೀರಾಯ್ಡ್ ಎರಡೂ ಸೇರಿ ಅಷ್ಟು ಜನಕ್ಕೆ ಬಂದದ್ದು. ಎಷ್ಟೋ ಜನರಿಗೆ ಮೊದಲು ಕಂಡದ್ದು ಮೇಲಿನ ಹಲ್ಲು ಅಲ್ಲಾಡೋದು.

ಹೊಳೆಸಾಲು ಅವರೇ, ಹೆದರಿಸಲು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಹೀಗೇ ಇದೆ ಅಂದರೆ ಅದಾಗಿರುವ ಸಂಭವ ಕಮ್ಮಿ. ಆದರೆ ಕೆನ್ನೆ ಮರಗಟ್ಟೋದು, ಕಾರಣ ಇಲ್ಲದೆ ಹಲ್ಲು ಅಲ್ಲಾಡೋದು, ಅಂಗುಳ ಕಪ್ಪಾಗೋದು, ಕಣ್ಣು ಊದಿ ಎರಡೆರಡು ಕಾಣೋದು, ಒಂದೇ ಮೂಗಿನಿಂದ ಪದೇ ಪದೇ ರಕ್ತ: ಇವುಗಳಲ್ಲಿ ಯಾವುದು ಕಂಡರೂ ಇಲ್ಲಿ ಬಂದು ಕೇಳಬೇಡಿ, ಆಸ್ಪತ್ರೆಗೆ ಹೋಗಿ. ಸೈನಸ್‌ನ ಕ್ಯಾನ್ಸರ್ ಕೂಡ ಮೊದಲು ಇಷ್ಟೇ ತೋರಿಸಿಕೊಳ್ಳುತ್ತದೆ.

ಹೊಳೆಸಾಲು
ಅವು ಯಾವುವೂ ಇಲ್ಲ. ಸಿಬಿಸಿಟಿ ಮಾಡಿಸಿದೆವು. ರಿಪೋರ್ಟ್ ಕೈಗೆ ಬಂದಿದೆ, ಅರ್ಥ ಆದಷ್ಟು ಬರೆಯುತ್ತೇನೆ. ಎಡ ಮೇಲಿನ ಮೊದಲನೇ ದವಡೆ ಹಲ್ಲು, ರೂಟ್ ಕೆನಾಲ್ ಆಗಿದೆ. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಎರಡನೇ ಕಾಲುವೆ ತುಂಬಿಲ್ಲ. ಅದೇ ಬೇರಿನ ತುದಿಯಲ್ಲಿ ಮೂಳೆ ಕರಗಿದೆ, ಸೈನಸ್ ನೆಲ ಅಲ್ಲಿ ಕಾಣಿಸುತ್ತಿಲ್ಲ. ಪೊರೆ ದಪ್ಪ, ಸೈನಸ್ ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಬಲಗಡೆ ಸೈನಸ್ ಸ್ವಚ್ಛ. "ಎರಡನೇ ಕಾಲುವೆ" ಅಂದರೆ ಏನು? ಆಗ ಮಾಡಿದವರು ಸರಿಯಾಗಿ ಮಾಡಲಿಲ್ಲವಾ?

ಹಲ್ಲು_ಡಾಕ್ಟ್ರು
ಚಿತ್ರಕ್ಕೆ ಚಿತ್ರ ಕೂಡಿತು. ಮೇಲಿನ ಮೊದಲನೇ ದವಡೆ ಹಲ್ಲಿಗೆ ಮೂರು ಬೇರು, ಆದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಲುವೆ ನಾಲ್ಕು. ಆ ನಾಲ್ಕನೆಯದಕ್ಕೆ ನಾವು ಎಂಬಿ2 ಅನ್ನುತ್ತೇವೆ. ಅದರ ಬಾಯಿ ಕೂದಲೆಳೆಯಷ್ಟು ಸಣ್ಣ. ಅದರ ಮೇಲೆ ಹಲ್ಲಿನದೇ ಗಟ್ಟಿ ಪದರ ಬೆಳೆದು ಮುಚ್ಚಿರುತ್ತದೆ. ಮೈಕ್ರೋಸ್ಕೋಪ್ ಇಲ್ಲದೆ ಹುಡುಕಿದರೆ ತಪ್ಪಿಹೋಗೋದು ಬಹಳ ಸಾಮಾನ್ಯ. ಇದನ್ನು ಹಿಡಿದುಕೊಂಡು ಆಗಿನವರ ಜೊತೆ ಜಗಳಕ್ಕೆ ಹೋಗಬೇಡಿ, ಪ್ರಯೋಜನ ಇಲ್ಲ. ಆ ಕಾಲುವೆಯಲ್ಲಿ ಉಳಿದ ಬ್ಯಾಕ್ಟೀರಿಯಾ ಇಷ್ಟು ದಿನ ತುದಿಯಿಂದ ಸೋರುತ್ತಿದೆ. ಮಾತ್ರೆ ರಕ್ತದಲ್ಲಿ ಹೋಗುತ್ತದೆ, ನರ ಸತ್ತ ಹಲ್ಲಿನೊಳಗೆ ರಕ್ತವೇ ಹೋಗಲ್ಲ. ಕೋರ್ಸ್ ಮುಗಿದ ಮೇಲೆ ಮತ್ತೆ ಬರುತ್ತಿದ್ದದ್ದು ಅದಕ್ಕೇ.

ಈಗ ಎರಡು ದಾರಿ. ಕ್ಯಾಪ್ ತೆಗೆದು ಮತ್ತೆ ರೂಟ್ ಕೆನಾಲ್ ಮಾಡಿ ಆ ಕಾಲುವೆ ಸ್ವಚ್ಛ ಮಾಡೋದು. ಇಲ್ಲ, ಹಲ್ಲು ಸೀಳಿದ್ದರೆ ಅಥವಾ ಉಳಿಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಕೀಳೋದು. ರೂಟ್ ಕೆನಾಲ್ ತಜ್ಞರಿಗೆ, ಅಂದರೆ ಎಂಡೋಡಾಂಟಿಸ್ಟ್‌ಗೆ ತೋರಿಸಿ. ಶುಗರ್ ರಿಪೋರ್ಟ್ ಜೊತೆಗೆ ಒಯ್ಯಿರಿ.

ಹೊಳೆಸಾಲು
ಇಎನ್‌ಟಿಯವರು ಎಂಡೋಸ್ಕೋಪಿ ಆಪರೇಷನ್ ಮೊದಲು ಅಂದರು. ದಂತವೈದ್ಯರು ಹಲ್ಲು ಮೊದಲು ಅಂದರು. ಯಾರ ಮಾತು ಕೇಳೋದು?

ಮೂಗುದಾರ
ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ನಮ್ಮ ನಮ್ಮಲ್ಲೇ ವಾದ ಇದೆ. ಹಲ್ಲು ಸರಿಮಾಡಿದ ಮೇಲೆ ಎಷ್ಟೋ ಜನರಿಗೆ ಸೈನಸ್ ತಾನಾಗಿ ತಿಳಿಯಾಗುತ್ತದೆ. ಆಪರೇಷನ್ ಬೇಕೇ ಆಗುವುದಿಲ್ಲ. ಕಣ್ಣಿನ ಹತ್ತಿರ ಊತ ಇದ್ದರೆ, ಜ್ವರ ಇದ್ದರೆ, ರೋಗಿಗೆ ತಡೆಯಲಾಗದಷ್ಟು ತೊಂದರೆ ಇದ್ದರೆ ಸೈನಸ್ ಮೊದಲು. ನಿಮ್ಮ ಅಮ್ಮನಿಗೆ ಅಂಥದ್ದು ಇಲ್ಲ. ನಾನಾಗಿದ್ದರೆ ಹಲ್ಲು ಮೊದಲು ಮಾಡಿಸಿ, ಕೆಲವು ತಿಂಗಳು ಮೂಗು ತೊಳೆಯುತ್ತಾ ನೋಡಿ, ಆಮೇಲೂ ಕೀವು ಇದ್ದರೆ ಆಪರೇಷನ್ ಅನ್ನುತ್ತಿದ್ದೆ. ಹಲ್ಲು ಮುಟ್ಟದೆ ಸೈನಸ್ ಒಂದನ್ನೇ ಆಪರೇಷನ್ ಮಾಡೋದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಮತ್ತೆ ಬರುತ್ತದೆ. ಇಬ್ಬರು ವೈದ್ಯರಿಗೂ ಪರಸ್ಪರ ಫೋನಿನಲ್ಲಿ ಮಾತಾಡಿಸಿ. ನಾಚಿಕೆ ಬೇಡ, ರಿಪೋರ್ಟ್ ನಿಮ್ಮದು.

ಹೊಳೆಸಾಲು
ಮಾತಾಡಿಸಿದೆ. ಹಲ್ಲು ಮೊದಲು ಅಂತ ಆಯಿತು. ಮೈಕ್ರೋಸ್ಕೋಪ್ ಇರುವ ಕಡೆ ಮತ್ತೆ ರೂಟ್ ಕೆನಾಲ್ ಶುರುಮಾಡಿದ್ದಾರೆ. ಕ್ಯಾಪ್ ತೆಗೆದ ಕೂಡಲೇ ಅಮ್ಮ "ಇದೇ ವಾಸನೆ" ಅಂದರಂತೆ. ಡಾಕ್ಟರ್ ಮಾಸ್ಕ್ ಹಾಕಿದ್ದರೂ ತಲೆ ಆಚೆ ತಿರುಗಿಸಿದರು.

ಕರಾವಳಿ_ಅಕ್ಕ
ಒಳ್ಳೇದಾಗಲಿ. ಅಮ್ಮನಿಗೆ ಬೇಗ ವಾಸಿಯಾಗಲಿ. ನನ್ನದೊಂದು ಪ್ರಶ್ನೆ ಉಳಿದಿದೆ ಡಾಕ್ಟ್ರೇ. ನನ್ನ ಕಿತ್ತ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಕೇಳಿದರೆ "ಸೈನಸ್ ಕೆಳಗೆ ಇಳಿದಿದೆ, ಮೂಳೆ ಸಾಲದು, ಎತ್ತಿಸಬೇಕು" ಅಂತಾರೆ. ಇದು ನಿಜವಾ, ಇಲ್ಲ ಅಪ್ಪಣ್ಣ ಹೇಳಿದ ದಂಧೆಯಾ?

ಹಲ್ಲು_ಡಾಕ್ಟ್ರು
ನಿಜ. ಹಲ್ಲು ಹೋದ ಮೇಲೆ ಅಲ್ಲಿನ ಮೂಳೆ ಕರಗುತ್ತಾ ಬರುತ್ತದೆ, ಸೈನಸ್‌ನ ನೆಲವೂ ಕೆಳಕ್ಕೆ ಬರುತ್ತದೆ. ಪೊರೆಯನ್ನು ಹರಿಯದಂತೆ ಮೆಲ್ಲಗೆ ಮೇಲೆತ್ತಿ ಅದರ ಕೆಳಗೆ ಮೂಳೆಪುಡಿ ತುಂಬುತ್ತಾರೆ. ಅದಕ್ಕೆ ಸೈನಸ್ ಲಿಫ್ಟ್ ಅಂತಾರೆ. 1980ರ ಹೊತ್ತಿನಿಂದ ನಡೆಯುತ್ತಿರುವ ಕೆಲಸ. ಆದರೆ ಎಲ್ಲರಿಗೂ ಬೇಕಾಗುವುದಿಲ್ಲ. ಎಷ್ಟು ಮಿ.ಮೀ. ಮೂಳೆ ಉಳಿದಿದೆ ಅಂತ ಸ್ಕ್ಯಾನ್‌ನಲ್ಲಿ ಅಳೆದು ತೋರಿಸಿ ಅಂತ ಕೇಳಿ. ಗಿಡ್ಡ ಇಂಪ್ಲಾಂಟ್‌ಗೆ ಸಾಲುತ್ತದಾ ಅಂತಲೂ ಕೇಳಿ. ಅಳತೆ ತೋರಿಸದೆ ಎತ್ತಿಸಬೇಕು ಅಂದರೆ ಇನ್ನೊಬ್ಬರ ಹತ್ತಿರ ಹೋಗಿ. ಮತ್ತೆ ಅಕ್ಕ, ನಿಮಗೆ ನೆಗಡಿಯ ಸೈನಸ್ ಇತ್ತು ಅಂದಿರಲ್ಲ, ಅದು ಪೂರ್ತಿ ಸ್ವಚ್ಛ ಆಗಿದೆ ಅಂತ ಇಎನ್‌ಟಿಯವರಿಂದ ಬರೆಸಿಕೊಂಡೇ ಮುಂದುವರಿಯಿರಿ.

ಅನುಮಾನದ_ಅಪ್ಪಣ್ಣ
ಸರಿ, ನಾನೂ ಸೋಮವಾರ ಒಂದು ಒಪಿಜಿ ತೆಗೆಸುತ್ತೇನೆ. ಬಿಲ್ ಇಲ್ಲೇ ಹಾಕುತ್ತೇನೆ, ಜಾಸ್ತಿ ಆದರೆ ಕಿಟ್ಟಿ ಜವಾಬ್ದಾರಿ.

ಎಕ್ಸ್‌ರೇ_ಕಿಟ್ಟಿ
ಬನ್ನಿ ಅಪ್ಪಣ್ಣ. ಕನ್ನಡಕ, ಕಿವಿಯೋಲೆ, ಕಟ್ಟುಹಲ್ಲು ಇದ್ದರೆ ಮೊದಲೇ ತೆಗೆದಿಡಿ.